ಗಾಳಿ ಬಂದಾಗ ತೂರಿಕೊಳ್ಳಬಹುದಾ?

ವಿಮೆ ಸರ್ವೇಯರ್ ಕೇಳುವ ಪ್ರಶ್ನೆಗಳಲ್ಲಿ ತುಂಬಾ ಕಷ್ಟದ್ದು ಲೆಕ್ಕದ ಪ್ರಶ್ನೆ ಅಲ್ಲ. ಮನೆ ಎಷ್ಟು ಚದರ, ಕಟ್ಟಿ ಎಷ್ಟು ವರ್ಷ ಆಯ್ತು, ಟಿವಿ ತಗೊಂಡ ಬಿಲ್ ಇದೆಯಾ, ಇವಕ್ಕೆಲ್ಲ ಹೇಗೋ ಉತ್ತರ ಹುಡುಕಬಹುದು. ಆದರೆ ಗೋಡೆಯ ಮೇಲೆ ಬೆರಳಿಟ್ಟು, ಮುಖ ನೋಡದೇ, "ಇದು ಮುಂಚೆಯಿಂದ ಇತ್ತಾ ಸಾರ್?" ಅಂತ ಕೇಳ್ತಾರಲ್ಲ, ಅದು ಕಷ್ಟ. ಯಾಕಂದ್ರೆ ಅದರ ಉತ್ತರ ಮನೆಯವರಿಗೆ ಮಾತ್ರ ಗೊತ್ತು. ಸುಳ್ಳು ಹೇಳಿದರೆ ಹಿಡಿಯೋದು ಬಹಳ ಕಷ್ಟ. ಸತ್ಯ ಹೇಳಿದರೆ ಶಹಬ್ಬಾಸ್ ಅನ್ನುವವರೂ ಯಾರಿಲ್ಲ.

ಗಾಳಿ ಬಂದಾಗ ತೂರಿಕೋ ಅನ್ನೋದು ಕಣದಲ್ಲಿ ರಾಶಿ ಮಾಡುತ್ತಿದ್ದವರ ಗಾದೆ. ಗಾಳಿ ನಮ್ಮ ಮಾತು ಕೇಳಲ್ಲ, ಬಂದಾಗಲೇ ಮೊರ ಎತ್ತಿ ತೂರಬೇಕು, ಜೊಳ್ಳು ಹಾರಿ ಕಾಳು ಉಳಿಯಬೇಕು. ಪೇಟೆಗೆ ಬಂದ ಮೇಲೆ ಗಾದೆಯ ಅರ್ಥ ತಿರುಗಿಬಿಟ್ಟಿದೆ. ಈಗ ಗಾಳಿ ಬಂದರೆ ಕಾಳಿನ ಜೊತೆ ಜೊಳ್ಳನ್ನೂ ಚೀಲಕ್ಕೆ ತುಂಬಿಸಿ ತೂಕಕ್ಕೆ ಇಡೋದು. ನಾನು ಹೇಳ್ತಾ ಇರೋದು ನಿಜವಾದ ಗಾಳಿಯ ಬಗ್ಗೆಯೇ. ಏಪ್ರಿಲ್-ಮೇ ತಿಂಗಳ ಸಂಜೆ ಹಠಾತ್ತನೆ ಬೀಸಿ, ಮರ ಕೆಡವಿ, ಶೀಟು ಹಾರಿಸಿ, ಅರ್ಧ ಗಂಟೆಯಲ್ಲಿ ಏನೂ ಆಗಿಲ್ಲವೇನೋ ಅನ್ನೋ ಹಾಗೆ ನಿಂತುಬಿಡುವ ಗಾಳಿ.

ಮೈಸೂರಿನಲ್ಲಿರುವ ನಮ್ಮ ಚಿಕ್ಕಪ್ಪನ ಮನೆಗೆ ಅಂಥ ಒಂದು ಗಾಳಿ ಬಂದು ಹೋಯ್ತು. ಪಕ್ಕದ ಖಾಲಿ ಸೈಟಿನ ಗುಲ್‌ಮೊಹರ್ ಮರ ಕಾಂಪೌಂಡ್ ಗೋಡೆ ಮೇಲೆ ಉರುಳಿತು. ತಾರಸಿಯ ಸೋಲಾರ್ ಪ್ಯಾನೆಲ್ ಒಂದು ಕಿತ್ತು ಬಂದು ಕಿಟಕಿ ಗಾಜಿಗೆ ಬಡಿಯಿತು, ಆ ಕಿಟಕಿಯಿಂದ ಒಳಗೆ ಬಂದ ಮಳೆಗೆ ಹಾಲ್‌ನ ಟಿವಿ, ದಿವಾನ, ಹಾಸಿಗೆ ಎಲ್ಲ ಹಾಳು. ಯಾರಿಗೂ ಪೆಟ್ಟಾಗಲಿಲ್ಲ, ಅದೊಂದು ಸಮಾಧಾನ. ಮನೆಗೆ ವಿಮೆ ಇತ್ತು. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗಳು ಆನ್‌ಲೈನ್‌ನಲ್ಲಿ ಮಾಡಿಸಿದ್ದಳು. ಚಿಕ್ಕಪ್ಪನಿಗೆ ಅದು ನೆನಪೇ ಇರಲಿಲ್ಲ.

ಇಲ್ಲಿವರೆಗೆ ಎಲ್ಲ ಸರಳ. ಆದರೆ ಆ ಮನೆಯ ಹಿಂದಿನ ಕೋಣೆಯ ಗೋಡೆಯಲ್ಲಿ ಮೂರು ಮಳೆಗಾಲದಿಂದ ಸೀಪೇಜ್ ಇದೆ. ಬಣ್ಣ ಹಪ್ಪಳದ ಹಾಗೆ ಎದ್ದು ಉದುರುತ್ತೆ. ಎಸ್ಟಿಮೇಟ್ ಬರೆಯಲು ಬಂದ ಮೇಸ್ತ್ರಿ ಅದನ್ನ ನೋಡಿದವನೇ, "ಸಾರ್, ಒಟ್ಟಿಗೇ ಹಾಕಿಬಿಡ್ತೀನಿ, ಇದೂ ಮಳೆದೇ ಅಲ್ವಾ?" ಅಂದ. ನಲವತ್ತು ಸಾವಿರದ ಕೆಲಸ. ಚಿಕ್ಕಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮಾರನೇ ದಿನ ಸರ್ವೇಯರ್ ಬಂದು ಬೆರಳಿಟ್ಟು ಕೇಳಿದಾಗ ಮಾತ್ರ, "ಇತ್ತು, ಮೂರು ವರ್ಷ ಆಯ್ತು" ಅಂದುಬಿಟ್ಟರು.

ಫ್ಯಾಮಿಲಿ ಗ್ರೂಪಿನಲ್ಲಿ ಆಮೇಲೆ ನಡೆದ ಯುದ್ಧವನ್ನ ನೀವು ಊಹಿಸಿಕೊಳ್ಳಬಹುದು. "ಭಾವ, ನೀವೇನು ಹರಿಶ್ಚಂದ್ರನ ಮೊಮ್ಮಗನಾ?" ಅಂತ ಒಬ್ಬರು. "ಇಷ್ಟು ವರ್ಷ ದುಡ್ಡು ಕಟ್ಟಿದ್ದು ಯಾಕೆ ಮತ್ತೆ?" ಅಂತ ಇನ್ನೊಬ್ಬರು. "ಅವರು ನಮಗೆ ಮಾಡೋ ಮೋಸಕ್ಕೆ ಹೋಲಿಸಿದ್ರೆ ಇದೆಲ್ಲ ಎಷ್ಟು ಮಹಾ" ಅಂತ ಮತ್ತೊಬ್ಬರು. ಈ ಕಡೆಯ ಎರಡು ಮಾತು ನನ್ನನ್ನ ಬಹಳ ದಿನ ಕಾಡಿದವು. ಯಾಕಂದ್ರೆ ಎರಡೂ ಪೂರ್ತಿ ಸುಳ್ಳಲ್ಲ. (ಪುಣ್ಯಕೋಟಿಯನ್ನ ಇಲ್ಲಿಗೆ ಎಳೆದು ತರಲ್ಲ, ಹೆದರಬೇಡಿ. ಆ ಹಸುವಿನ ಎದುರಿಗೆ ಇದ್ದದ್ದು ಹುಲಿ. ಹುಲಿಗೆ ಕಾಲ್ ಸೆಂಟರ್ ಇರಲಿಲ್ಲ.)

ಮೊದಲನೇ ಮಾತು: ಇಷ್ಟು ವರ್ಷ ಕಟ್ಟಿದ್ದೀವಿ. ಇದರ ಹಿಂದೆ ಇರೋದು ಎಲ್‌ಐಸಿ ಬೆಳೆಸಿದ ಮನಸ್ಸು. ನಮ್ಮ ಮನೆಗಳಲ್ಲಿ ವಿಮೆ ಅಂದರೆ ಉಳಿತಾಯ. ಕೊನೆಗೆ ಬೋನಸ್ ಸೇರಿ ದುಡ್ಡು ವಾಪಸ್ ಬರಬೇಕು, ಮಗಳ ಮದುವೆಗೆ ಆಗಬೇಕು. ವಾಪಸ್ ಬರದ ದುಡ್ಡು ದಂಡ. ಮನೆ ವಿಮೆಯಲ್ಲಿ ಏನೂ ವಾಪಸ್ ಬರಲ್ಲ, ಹತ್ತು ವರ್ಷ ಮನೆ ಗಟ್ಟಿಯಾಗಿ ನಿಂತಿದ್ದರೆ ಹತ್ತು ವರ್ಷದ ಪ್ರೀಮಿಯಂ ಹೋದಂತೆಯೇ. ಹಾಗಾಗಿ ಗಾಳಿ ಬಂದ ದಿನ, ಇಷ್ಟು ದಿನದ ಬಾಕಿ ವಸೂಲಿಗೆ ಬಾಗಿಲು ತೆರೆಯಿತು ಅಂತ ಅನ್ನಿಸಿಬಿಡುತ್ತೆ.

ನನಗೆ ಇದನ್ನ ಅರ್ಥ ಮಾಡಿಕೊಳ್ಳೋಕೆ ಮುಯ್ಯಿ ಸಹಾಯ ಮಾಡ್ತು. ಮದುವೆ ಮನೆಯಲ್ಲಿ ಒಂದು ನೋಟ್‌ಬುಕ್ ಹಿಡಿದು ಯಾರು ಎಷ್ಟು ಮುಯ್ಯಿ ಹಾಕಿದರು ಅಂತ ಬರೆದುಕೊಳ್ಳುವ ಒಬ್ಬರು ಇರ್ತಾರಲ್ಲ, ಅದು. ಹಳ್ಳಿಯಲ್ಲಿ ಮುಯ್ಯಾಳು ಅಂತಲೂ ಇತ್ತು. ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಮನೆ ಹುಲ್ಲು ಹೊದಿಸೋಕೆ ನೀನು. ವಿಮೆ ಅಂದರೆ ಮುಖ ಗೊತ್ತಿಲ್ಲದವರ ಜೊತೆಗಿನ ಮುಯ್ಯಾಳು. ಉಡುಪಿಯಲ್ಲಿ ಹಂಚು ಹಾರಿದವರ ಮನೆಗೆ ನಾನೂ ಒಂದು ಚೂರು ಕೊಟ್ಟಿದ್ದೀನಿ, ಹೆಸರು ಗೊತ್ತಿಲ್ಲ, ಅವರೂ ನನ್ನ ಲೆಕ್ಕಕ್ಕೆ ಕೊಟ್ಟಿದ್ದಾರೆ. ಒಂದೇ ವ್ಯತ್ಯಾಸ: ಮುಯ್ಯಿ ಎಲ್ಲರಿಗೂ ಒಂದು ದಿನ ತಿರುಗಿ ಬರುತ್ತೆ, ಯಾಕಂದ್ರೆ ಎಲ್ಲರ ಮನೆಯಲ್ಲೂ ಮದುವೆ ಆಗುತ್ತೆ. ಇಲ್ಲಿ ಹೆಚ್ಚಿನವರಿಗೆ ತಿರುಗಿ ಬರೋದೇ ಇಲ್ಲ. ಬರಲಿಲ್ಲ ಅಂದರೆ ನಮ್ಮ ಮನೆಯ ಮೇಲೆ ಮರ ಬೀಳಲಿಲ್ಲ ಅಂತ ಅರ್ಥ. ಮರ ಬೀಳದೇ ಇದ್ದಿದ್ದಕ್ಕೆ ಪರಿಹಾರ ಕೇಳೋದು ವಿಚಿತ್ರ ಅಲ್ವಾ?

ಆದರೆ ಇಲ್ಲೊಂದು ತೊಡಕಿದೆ. ಮುಯ್ಯಾಳಿನ ನಡುವೆ ಲಾಭ ಹೊಡೆಯುವ ಮೂರನೆಯವನು ಇರಲಿಲ್ಲ. ಇಲ್ಲಿ ನೋಟ್‌ಬುಕ್ ಹಿಡಿದಿರೋದು ಒಂದು ಕಂಪನಿ. ಅದಕ್ಕೆ ಷೇರುದಾರರಿದ್ದಾರೆ. ಅದು ಪ್ರತಿ ಶಬ್ದವನ್ನೂ ತನ್ನ ಕಡೆಗೆ ಎಳೆದು ಓದುತ್ತೆ. ಅಂಥವರ ಜೊತೆಗೂ ಊರವರ ಜೊತೆಗಿನ ಪ್ರಾಮಾಣಿಕತೆ ಬೇಕಾ ಅನ್ನೋದು ಎರಡನೇ ಮಾತು. ಇದಕ್ಕೆ ಉತ್ತರ ಕೊಡುವ ಮುಂಚೆ ಪಾಲಿಸಿಯಲ್ಲಿ ಏನಿದೆ ಅಂತ ನೋಡೋದು ಒಳ್ಳೇದು. ಕಂಪನಿ ಮೋಸ ಮಾಡುತ್ತೆ ಅನ್ನುವವರಲ್ಲಿ ಎಷ್ಟು ಜನ ಪಾಲಿಸಿ ಓದಿರ್ತಾರೆ ಅಂತ ನನಗೆ ಅನುಮಾನ. ನಮ್ಮ ಗ್ರೂಪಿನಲ್ಲಂತೂ ಯಾರೂ ಓದಿರಲಿಲ್ಲ.

2021ರ ಏಪ್ರಿಲ್ 1ರಿಂದ ಐಆರ್‌ಡಿಎಐ ಮನೆಗಳಿಗೆ ಭಾರತ್ ಗೃಹ ರಕ್ಷಾ ಅನ್ನೋ ಒಂದೇ ಅಚ್ಚಿನ ಪಾಲಿಸಿ ತಂದಿದೆ. ಸಾಮಾನ್ಯ ವಿಮೆ ಮಾರುವ ಕಂಪನಿಗಳಲ್ಲಿ ಯಾರ ಹತ್ತಿರ ತಗೊಂಡರೂ ಮೂಲ ಮಾತು ಅದೇ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಚಂಡಮಾರುತ, ಪ್ರವಾಹ, ಭೂಕುಸಿತ, ನೀರಿನ ಟ್ಯಾಂಕ್ ಒಡೆಯುವುದು, ಗಲಭೆ, ಹೀಗೆ ಘಟನೆಗಳ ಪಟ್ಟಿ ಇದೆ. ಆ ಘಟನೆಯಿಂದ ಆದ ಹಾನಿಗೆ ಮಾತ್ರ ದುಡ್ಡು. "ಮನೆಗೆ ಏನಾದರೂ ಆದರೆ" ಅನ್ನೋ ಮಾತು ಅದರಲ್ಲಿ ಎಲ್ಲೂ ಇಲ್ಲ. ವರ್ಷಗಟ್ಟಲೆ ನಿಧಾನಕ್ಕೆ ನಡೆಯೋದು ಘಟನೆ ಆಗಲ್ಲ, ಸೀಪೇಜ್ ಆ ಪಟ್ಟಿಯ ಹೊರಗೆ ಉಳಿಯೋದು ಅದಕ್ಕೇ.

ಮನೆ ಅಂದರೆ ನಾಲ್ಕು ಗೋಡೆ ಅಷ್ಟೇ ಅಲ್ಲ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಕಾಂಪೌಂಡ್, ಗೇಟು, ಪಾರ್ಕಿಂಗ್ ಜಾಗ, ಸಂಪು-ಟ್ಯಾಂಕು, ಸೋಲಾರ್ ಪ್ಯಾನೆಲ್ ಎಲ್ಲ ಸೇರುತ್ತೆ. ಕಟ್ಟಡದ ವಿಮಾ ಮೊತ್ತದ 20% ವರೆಗೆ, ಗರಿಷ್ಠ ₹10 ಲಕ್ಷ, ಮನೆಯೊಳಗಿನ ಸಾಮಾನ್ಯ ಸಾಮಾನಿಗೂ ರಕ್ಷೆ ತಾನಾಗಿಯೇ ಸೇರಿರುತ್ತೆ. ಒಡವೆಗೆ ಬೇರೆ ಕವರ್ ತಗೊಳ್ಳಬೇಕು. ಬಿದ್ದ ಅವಶೇಷ ಸಾಗಿಸೋಕೆ ಕ್ಲೇಮಿನ 2% ವರೆಗೆ ಸಿಗುತ್ತೆ, ಆರ್ಕಿಟೆಕ್ಟ್, ಎಂಜಿನಿಯರ್ ಫೀಸಿಗೆ 5% ವರೆಗೆ. ಮನೆ ವಾಸಕ್ಕೆ ಆಗದ ಹಾಗೆ ಆದರೆ ಬೇರೆ ಕಡೆ ಬಾಡಿಗೆಗೆ ಇರುವ ಖರ್ಚು ಕೂಡ ಇದೆ. ಗಾಳಿಗೆ ಬಾಗಿಲು ಮುರಿದು, ಅದೇ ಕಾರಣಕ್ಕೆ ಏಳು ದಿನದೊಳಗೆ ಕಳ್ಳತನ ಆದರೆ ಅದಕ್ಕೂ. ಬಾಗಿಲಲ್ಲಿ ನಿಂತ ಕಾರು ಮಾತ್ರ ಇದರಲ್ಲಿ ಬರಲ್ಲ, ಅದು ಕಾರಿನ ವಿಮೆಯ ಲೆಕ್ಕ.

ಇನ್ನೊಂದು ವಿಷಯ, ಹೋಮ್ ಲೋನ್ ಕಟ್ಟುತ್ತಿರುವವರಿಗೆ. ಸಾಲ ಕೊಡುವಾಗ ಸಹಿ ಮಾಡಿಸಿಕೊಂಡ ಕಾಗದದ ರಾಶಿಯಲ್ಲಿ "ಇನ್ಶೂರೆನ್ಸ್" ಅಂತ ಒಂದಿರುತ್ತೆ. ಅನೇಕ ಸಲ ಅದು ನೀವು ಸತ್ತರೆ ಸಾಲ ತೀರಿಸುವ ಜೀವವಿಮೆ, ಮನೆಗೂ ಅದಕ್ಕೂ ಸಂಬಂಧ ಇಲ್ಲ. ಒಮ್ಮೆ ತೆಗೆದು ನೋಡಿ. ಹಾಗೇ, ವಿಮೆ ಮಾಡಿಸಬೇಕಾಗಿರೋದು ಫ್ಲ್ಯಾಟಿನ ಬೆಲೆಗಲ್ಲ, ಮತ್ತೆ ಕಟ್ಟುವ ಖರ್ಚಿಗೆ. 1,200 ಚದರಡಿ ಕಾರ್ಪೆಟ್ ಏರಿಯಾ, ಚದರಡಿಗೆ ₹2,500 ಅಂದುಕೊಂಡರೆ ₹30 ಲಕ್ಷ. ನೀವು ಕೊಟ್ಟ ಕೋಟಿಗಟ್ಟಲೆಯಲ್ಲಿ ಉಳಿದದ್ದು ಜಾಗದ ಬೆಲೆ. ಜಾಗವನ್ನ ಯಾವ ಗಾಳಿಯೂ ಹೊತ್ತುಕೊಂಡು ಹೋಗಲ್ಲ.

ಇದನ್ನೆಲ್ಲ ಓದಿದ ಮೇಲೆ ನನಗೆ ಒಂದು ವಿಷಯ ಹೊಳೀತು. ಚಿಕ್ಕಪ್ಪನ ಮನೆಯವರು ಮರ ಕಡಿಸಿ ಸಾಗಿಸಿದ ಕೂಲಿಯನ್ನ ಕ್ಲೇಮಿನಲ್ಲಿ ಕೇಳಿಯೇ ಇರಲಿಲ್ಲ. ಕೇಳಬಹುದು ಅಂತಲೇ ಗೊತ್ತಿರಲಿಲ್ಲ. ಹಕ್ಕಿನ ದುಡ್ಡು ಬಿಟ್ಟು, ಹಕ್ಕಿಲ್ಲದ ಸೀಪೇಜಿಗೆ ಜಗಳ ಆಡ್ತಾ ಇದ್ದರು! ಸಣ್ಣ ಸುಳ್ಳು ಸೇರಿಸೋಕೆ ಹೊರಡುವ ಬಹಳ ಜನರ ಸ್ಥಿತಿ ಇದೇ ಅಂತ ನನ್ನ ಊಹೆ. ಎಲ್ಲೋ ಕಳೆದುಕೊಳ್ತಾ ಇದ್ದೀವಿ ಅನ್ನೋ ಅಂದಾಜು ಇರುತ್ತೆ, ಎಲ್ಲಿ ಅಂತ ಗೊತ್ತಿರಲ್ಲ. ಅದಕ್ಕೆ ಕೈಗೆ ಸಿಕ್ಕ ಜಾಗದಲ್ಲಿ ತುಂಬಿಸಿಕೊಳ್ಳೋಕೆ ನೋಡ್ತಾರೆ.

ಆಮೇಲೆ ನಡೆದದ್ದು ಇನ್ನೂ ಸ್ವಾರಸ್ಯ. ಸರ್ವೇಯರ್ ಕಾಂಪೌಂಡ್ ಗೋಡೆಯಲ್ಲೂ ಹಳೇ ಬಿರುಕು ಕಂಡರು, ಇದು ಸವೆತ, ಗಾಳಿಯದಲ್ಲ ಅಂತ ಬರೆಯೋಕೆ ಹೊರಟರು. ಈಗ ಮಗಳು ಎದ್ದಳು. ಆಯುಧಪೂಜೆ ದಿನ ಸ್ಕೂಟರ್ ಪಕ್ಕ ನಿಂತು ತೆಗೆಸಿಕೊಂಡ ಒಂದು ಫೋಟೋ ಹುಡುಕಿ ಕಳಿಸಿದಳು. ಅದರಲ್ಲಿ ಗೋಡೆ ನೆಟ್ಟಗೆ ನಿಂತಿದೆ. ಕೂದಲೆಳೆಯಂಥ ಬಿರುಕೂ ಕಾಣುತ್ತೆ. ಅದನ್ನ ಕ್ರಾಪ್ ಮಾಡಲಿಲ್ಲ ಅವಳು. ಬಿರುಕು ಇತ್ತು, ಗೋಡೆಯೂ ಇತ್ತು, ಮರ ಬಿದ್ದ ಮೇಲೆ ಗೋಡೆ ಇಲ್ಲ ಅಂತ ಮೂರು ಸಾಲು ಬರೆದಳು. ಸೀಪೇಜಿನ ವಿಷಯದಲ್ಲಿ ಇತ್ತು ಅಂತ ಒಪ್ಪಿಕೊಂಡವರು ಗೋಡೆಯ ವಿಷಯದಲ್ಲಿ ಯಾಕೆ ಸುಳ್ಳು ಹೇಳ್ತಾರೆ ಅಂತ ಸರ್ವೇಯರ್‌ಗೆ ಅನ್ನಿಸಿತೋ ಏನೋ. ಗೋಡೆಯ ದುಡ್ಡು ಬಂತು, ರೇಟಿನ ಮೇಲೆ ಒಂದಿಷ್ಟು ಚೌಕಾಸಿಯ ನಂತರ.

ಈ ಎರಡು ಗೋಡೆಗಳ ನಡುವೆ ಇರುವ ವ್ಯತ್ಯಾಸದ ಮೇಲೆಯೇ ನನ್ನ ವಾದ ನಿಂತಿರೋದು. ಕಂಪನಿ ಶಬ್ದವನ್ನ ತನ್ನ ಕಡೆ ಎಳೆದು ಓದುತ್ತೆ, ಸರಿ. ನಾವೂ ನಮ್ಮ ಕಡೆ ಎಳೆದು ಓದಬಹುದು, ಓದಬೇಕು. ಆ ಜಗಳಕ್ಕೆ ಜಾಗ ಇದೆ. ಜೆ.ಕೆ. ಸಿಮೆಂಟ್ ಕಂಪನಿಯ ಕಲ್ಲಿದ್ದಲು ಭಾರೀ ಮಳೆಗೆ ಕೊಚ್ಚಿಹೋದಾಗ, ವಿಮಾ ಕಂಪನಿ "ಇದು ಮಳೆ, ಪ್ರವಾಹ ಅಲ್ಲ, ಪ್ರವಾಹ ಅಂದರೆ ನದಿ-ಕೆರೆ ತುಂಬಿ ಉಕ್ಕಬೇಕು" ಅಂತ ವಾದ ಹೂಡಿತು. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಒಪ್ಪಲಿಲ್ಲ. ಮಳೆನೀರು ನಿಂತು ಆವರಿಸಿಕೊಂಡರೂ ಅದು ಜಲಾವೃತವೇ ಅಂತ ಓದಿತು. ಅಷ್ಟು ದೊಡ್ಡ ಕೋರ್ಟಿಗೆ ಹೋಗುವ ಶಕ್ತಿ ನಮಗಿಲ್ಲದಿದ್ದರೂ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಇದ್ದಾರೆ, ಬೆಂಗಳೂರಿನಲ್ಲೇ ಕಚೇರಿ ಇದೆ, ಫೀಸಿಲ್ಲ, ವಕೀಲರು ಬೇಕಿಲ್ಲ, ₹50 ಲಕ್ಷದವರೆಗಿನ ಪರಿಹಾರಕ್ಕೆ ಅಧಿಕಾರ ಇದೆ. "ಬಿಡಿ, ಯಾರು ಅಲೆದಾಡ್ತಾರೆ" ಅಂತ ಹಕ್ಕಿನದನ್ನ ಬಿಟ್ಟುಕೊಡೋದು ಸಜ್ಜನಿಕೆ ಅಂತ ನಾನು ಒಪ್ಪಲ್ಲ. ಅದು ಬರೀ ಸೋಮಾರಿತನ, ಇಲ್ಲ ಅಂದ್ರೆ ಸಂಕೋಚ. ಶಬ್ದದ ಅರ್ಥಕ್ಕೆ ಜಗಳ ಆಡುವಾಗ ಇಬ್ಬರ ಎದುರಿಗೂ ಒಂದೇ ಕಾಗದ ಇರುತ್ತೆ. ಇಲ್ಲದ್ದನ್ನ ಇದೆ ಅನ್ನುವಾಗ ಎದುರಿನವರ ಹತ್ತಿರ ಏನೂ ಇರಲ್ಲ, ನಮ್ಮ ಮಾತು ಬಿಟ್ಟು.

ವಿಮೆಯ ಕಾನೂನಿಗೆ ಈ ಅಸಮಾನತೆ ಬಹಳ ಹಿಂದೆಯೇ ಗೊತ್ತಿತ್ತು. 1766ರಲ್ಲಿ, ಸುಮಾತ್ರಾ ದ್ವೀಪದ ಒಂದು ಕೋಟೆಯ ವಿಮೆಯ ಮೊಕದ್ದಮೆಯಲ್ಲಿ, ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಇದನ್ನ ವಿವರವಾಗಿ ಹೇಳಿದ್ದರು. ಅಪಾಯದ ಸಂಗತಿಗಳು ಹೆಚ್ಚಾಗಿ ವಿಮೆ ತಗೊಳ್ಳುವವನಿಗೆ ಮಾತ್ರ ಗೊತ್ತಿರುತ್ತವೆ, ಅದಕ್ಕೆ ಅವನು ಮುಚ್ಚಿಡುವ ಹಾಗಿಲ್ಲ ಅಂತ. ಆ ನಿಯಮ ಎರಡೂ ಕಡೆಗೆ ಅನ್ವಯಿಸುತ್ತೆ ಅಂತಲೂ ಹೇಳಿದ್ದರು. ಜನ ಇದನ್ನ ಮರೀತಾರೆ. ಕಂಪನಿಗಳು ಇನ್ನೂ ಬೇಗ ಮರೀತವೆ.

ಇಷ್ಟು ಹೇಳಿದರೂ ನಿಜವಾದ ಕಷ್ಟ ಇನ್ನೂ ಉಳಿದಿದೆ. ಸುಳ್ಳು ಹೇಳಬಾರದು ಅನ್ನೋದು ಸರಿ, ಆದರೆ ನಮಗೇ ಸತ್ಯ ಗೊತ್ತಿಲ್ಲದಿದ್ದರೆ? ಬಿರುಕಿದ್ದ ಗೋಡೆ ಗಾಳಿಗೆ ಬಿತ್ತು. ಬಿದ್ದದ್ದು ಬಿರುಕಿನಿಂದಲೋ ಗಾಳಿಯಿಂದಲೋ?

ಇದಕ್ಕೆ ವಿಮೆಯ ಪುಸ್ತಕಗಳಲ್ಲಿ ಒಂದು ಹಡಗಿನ ಕಥೆ ಇದೆ. ಹೆಸರು ಇಕಾರಿಯಾ. 1915ರ ಜನವರಿಯಲ್ಲಿ, ಫ್ರಾನ್ಸಿನ ಲೆ ಹಾವ್ರ್ ಬಂದರಿಗೆ 25 ಮೈಲಿ ಇರುವಾಗ ಜರ್ಮನ್ ಸಬ್‌ಮರೀನಿನ ಟಾರ್ಪೆಡೊ ಬಡಿಯಿತು. ಹಡಗು ಮುಳುಗಲಿಲ್ಲ, ಹೇಗೋ ಬಂದರು ಸೇರಿತು. ಅಲ್ಲಿ ಬಿರುಗಾಳಿ ಎದ್ದಿತು, ಹಡಗು ಕಟ್ಟೆಗೆ ಬಡಿದಾಡತೊಡಗಿತು. ಇಲ್ಲೇ ಮುಳುಗಿದರೆ ದಾರಿ ಮುಚ್ಚಿಹೋಗುತ್ತೆ ಅಂತ ಬಂದರಿನವರು ಅದನ್ನ ಹೊರಗಿನ ಜಾಗಕ್ಕೆ ಕಳಿಸಿದರು. ಅಲ್ಲಿ ಇಳಿತದಲ್ಲಿ ನೆಲಕ್ಕೆ ಕೂತು, ಉಬ್ಬರದಲ್ಲಿ ತೇಲಿ, ಮತ್ತೆ ಕೂತು, ಕೊನೆಗೆ ಮುಳುಗಿತು. ವಿಮೆಯಲ್ಲಿ ಸಮುದ್ರದ ಅಪಾಯಕ್ಕೆ ರಕ್ಷೆ ಇತ್ತು, ಯುದ್ಧಕ್ಕೆ ಇರಲಿಲ್ಲ. ಮುಳುಗಿಸಿದ್ದು ಯಾವುದು? ಕಾಲದಲ್ಲಿ ಹತ್ತಿರದ್ದು ಬಿರುಗಾಳಿ. 1918ರಲ್ಲಿ ಇಂಗ್ಲೆಂಡಿನ ಅತ್ಯುನ್ನತ ನ್ಯಾಯಪೀಠ ಟಾರ್ಪೆಡೊ ಅಂತು. ಕೊನೆಗೆ ಬಂದದ್ದು ಕಾರಣ ಆಗಬೇಕಿಲ್ಲ, ಬಲವಾಗಿ ಕೆಲಸ ಮಾಡಿದ್ದು ಕಾರಣ. ಅಲ್ಲಿನ ನ್ಯಾಯಾಧೀಶರಲ್ಲಿ ಒಬ್ಬರು ಕಾರಣಗಳನ್ನ ಸರಪಳಿಯ ಬದಲು ಬಲೆಗೆ ಹೋಲಿಸಿದರು. ಒಂದೊಂದು ಗಂಟಿನಲ್ಲೂ ಹಲವು ಎಳೆ ಸೇರುತ್ತವೆ, ಅದರಲ್ಲಿ ಯಾವುದನ್ನ ಎತ್ತಿ ಹಿಡಿಯಬೇಕು ಅನ್ನೋದು ತೀರ್ಮಾನ ಮಾಡುವವರ ವಿವೇಕಕ್ಕೆ ಬಿಟ್ಟದ್ದು.

ಆ ಮಾತನ್ನ ಗೋಡೆಗೆ ಹಚ್ಚಿ ನೋಡಿ. ಕೂದಲೆಳೆ ಬಿರುಕಿನ ಗೋಡೆ ಎಷ್ಟೋ ಮಳೆಗಾಲ ನಿಂತಿತ್ತು. ಮರ ಬೀಳದಿದ್ದರೆ ಇನ್ನೂ ನಿಲ್ತಿತ್ತು. ಹಾಗಾಗಿ ಗಾಳಿ ಅಂತ ಹೇಳೋಕೆ ಚಿಕ್ಕಪ್ಪನ ಮಗಳಿಗೆ ಹಕ್ಕಿತ್ತು ಅಂತ ನನ್ನ ಅಭಿಪ್ರಾಯ. ಸೀಪೇಜಿನ ಗೋಡೆ ಗಾಳಿ ಬರದಿದ್ದರೂ ಹಾಗೇ ಇರುತ್ತಿತ್ತು. ನಡುವಿನ ಪ್ರಕರಣಗಳು ಸಾವಿರ ಇವೆ. ಈಗಾಗಲೇ ತುಕ್ಕು ಹಿಡಿದಿದ್ದ ಶೀಟಿನ ಮೊಳೆ, ವಾಲಿದ್ದ ತೆಂಗಿನ ಮರ, "ಮುಂದಿನ ವರ್ಷ ಸರಿಮಾಡಿಸೋಣ" ಅಂತ ಬಿಟ್ಟ ಪ್ಯಾರಪಿಟ್. ಅಲ್ಲೆಲ್ಲ ಇದ್ದದ್ದನ್ನ ಇದ್ದ ಹಾಗೆ ಮುಂದಿಟ್ಟು ತೀರ್ಮಾನವನ್ನ ಬೇರೆಯವರಿಗೆ ಬಿಡೋದು ಬಿಟ್ಟು ಬೇರೆ ದಾರಿ ನನಗೆ ಕಾಣಲ್ಲ. ಕ್ರಾಪ್ ಮಾಡದ ಫೋಟೋದ ಹಾಗೆ.

"ಅವರು ಮಾಡೋ ಮೋಸ" ಅನ್ನೋ ಮಾತನ್ನ ನಾನು ತಳ್ಳಿಹಾಕಿಲ್ಲ. ಅದಕ್ಕೆ ಅಮೆರಿಕದಲ್ಲಿ ಒಂದು ದೊಡ್ಡ ಉದಾಹರಣೆ ಇದೆ. ಟೆಕ್ಸಾಸ್‌ನಲ್ಲೋ ಫ್ಲೋರಿಡಾದಲ್ಲೋ ಮನೆ ತಗೊಂಡಿರುವ ನಿಮ್ಮ ಸ್ನೇಹಿತರಿಗೆ ಇದು ಗೊತ್ತಿರುತ್ತೆ: ಅಲ್ಲಿ ಸಾಮಾನ್ಯ ಮನೆ ವಿಮೆ ಗಾಳಿಯ ಹಾನಿಗೆ ಕೊಡುತ್ತೆ, ಪ್ರವಾಹಕ್ಕೆ ಕೊಡಲ್ಲ. ಪ್ರವಾಹಕ್ಕೆ 1968ರಲ್ಲಿ ಶುರುವಾದ ಸರ್ಕಾರದ ಬೇರೆ ಯೋಜನೆ ಇದೆ. 2005ರ ಆಗಸ್ಟ್‌ನಲ್ಲಿ ಕತ್ರಿನಾ ಚಂಡಮಾರುತ ಮಿಸಿಸಿಪಿ ಕರಾವಳಿಗೆ ಅಪ್ಪಳಿಸಿದಾಗ ಗಾಳಿಯೂ ಬಂತು, ಸಮುದ್ರವೂ ಬಂತು. ಎಷ್ಟೋ ಕಡೆ ಉಳಿದದ್ದು ಬರೀ ತಳದ ಕಾಂಕ್ರೀಟ್ ಹಲಗೆ. ಮನೆಯೇ ಇಲ್ಲದ ಮೇಲೆ ಯಾವುದು ಕೆಡವಿತು ಅಂತ ಯಾವ ಗೋಡೆಯ ಮೇಲೆ ಬೆರಳಿಟ್ಟು ಕೇಳೋದು? ಕಂಪನಿಗಳು ನೀರು ಅಂದವು, ಜನ ಗಾಳಿ ಅಂದರು. ಅಲ್ಲಿನ ಸೆನೆಟರ್ ಟ್ರೆಂಟ್ ಲಾಟ್ ಕೂಡ ಮನೆ ಕಳೆದುಕೊಂಡು, ತನ್ನ ವಿಮಾ ಕಂಪನಿ ಸ್ಟೇಟ್ ಫಾರ್ಮ್ ಮೇಲೆ ಕೇಸು ಹಾಕಿದರು. ಆಳುವ ಪಕ್ಷದ ಸೆನೆಟರ್‌ಗೇ ಈ ಗತಿ.

ಸ್ಟೇಟ್ ಫಾರ್ಮ್ ತನ್ನ ಗಾಳಿ ವಿಮೆಯ ಜೊತೆಗೆ, ಸರ್ಕಾರದ ಪರವಾಗಿ ಪ್ರವಾಹ ವಿಮೆಯನ್ನೂ ನಿಭಾಯಿಸುತ್ತಿತ್ತು. ಗಾಳಿ ಅಂತ ಬರೆದರೆ ತನ್ನ ಜೇಬಿನಿಂದ, ನೀರು ಅಂತ ಬರೆದರೆ ಸರ್ಕಾರದ ಜೇಬಿನಿಂದ. ಬರೆಯುವ ಪೆನ್ನು ಮಾತ್ರ ಅದರದ್ದೇ ಕೈಯಲ್ಲಿ! ಒಂದು ಮನೆಯ ವಿಷಯದಲ್ಲಿ, ಗಾಳಿಯ ಹಾನಿಯನ್ನ ನೀರಿನದು ಅಂತ ತೋರಿಸಿ ಸರ್ಕಾರದಿಂದ ಎರಡೂವರೆ ಲಕ್ಷ ಡಾಲರ್ ಕೊಡಿಸಿದ್ದು ಸುಳ್ಳು ಕ್ಲೇಮ್ ಅಂತ 2013ರಲ್ಲಿ ಜ್ಯೂರಿ ತೀರ್ಪು ಕೊಟ್ಟಿತು. ಕಾನೂನಿನ ಪ್ರಕಾರ ಮೂರು ಪಟ್ಟು ದಂಡ ಬಿತ್ತು. ಕಂಪನಿ ಸುಪ್ರೀಂ ಕೋರ್ಟಿನವರೆಗೆ ಹೋಗಿ 2016ರಲ್ಲಿ ಅಲ್ಲೂ ಸೋತಿತು. ಆ ವಿಷಯ ಹೊರಗೆ ತಂದವರು ಅಲ್ಲೇ ಕ್ಲೇಮ್ ನೋಡುವ ಕೆಲಸ ಮಾಡುತ್ತಿದ್ದ ಇಬ್ಬರು ಅಕ್ಕತಂಗಿಯರು.

ಇಲ್ಲಿ ಕಂಪನಿ ಮಾಡಿದ್ದಕ್ಕೂ ನಮ್ಮ ಮೇಸ್ತ್ರಿ "ಒಟ್ಟಿಗೇ ಹಾಕಿಬಿಡ್ತೀನಿ" ಅಂದದ್ದಕ್ಕೂ ಮೊತ್ತದಲ್ಲಿ ಬಿಟ್ಟರೆ ಏನು ವ್ಯತ್ಯಾಸ ಅಂತ ನಾನು ಬಹಳ ಹುಡುಕಿದೆ. ಕಂಪನಿಗೆ ಬಲ ಜಾಸ್ತಿ, ಹಾಗಾಗಿ ತಪ್ಪೂ ಜಾಸ್ತಿ, ಒಪ್ತೀನಿ. ಆದರೆ ಕಂಪನಿಯ ಸುಳ್ಳಿನ ಮೇಲೆ ಸಿಟ್ಟು ಬರಬೇಕಾದರೆ, ಎಲ್ಲರ ಹಣದ ಡಬ್ಬಿಗೆ ಹೀಗೆ ಕೈ ಹಾಕಬಾರದು ಅಂತ ಮೊದಲು ಒಪ್ಪಿರಬೇಕಾಗುತ್ತೆ. ಒಪ್ಪಿದ ಮೇಲೆ ಸೀಪೇಜ್ ಸೇರಿಸೋಕೆ ಆಗಲ್ಲ. ಒಪ್ಪದಿದ್ದರೆ ಕಂಪನಿ ಮೇಲಿನ ಸಿಟ್ಟು ಬರೀ ಹೊಟ್ಟೆಕಿಚ್ಚು.

ಹಳೇ ಪಾಲಿಸಿಗಳಲ್ಲಿ ಬಿರುಗಾಳಿ, ಸಿಡಿಲು, ಪ್ರವಾಹವನ್ನೆಲ್ಲ "ಆಕ್ಟ್ ಆಫ್ ಗಾಡ್" ಅಂತ ಗುಂಪು ಮಾಡಿರ್ತಿದ್ದರು. ದೇವರ ಕೈವಾಡ. ನಾವು ಕಂಡುಕೊಂಡ ದೇವರು ಮಳೆ ಬೆಳೆ ಕೊಡುವವನು, ವಿಮೆಯ ಕಾಗದದಲ್ಲಿ ಅವನ ಖಾತೆಗೆ ಬರೀ ನಷ್ಟ! ಮಾಮೂಲಿ ಅಗ್ನಿ ವಿಮೆಯಲ್ಲಿ ಆ ಕ್ಲೇಮುಗಳಿಗೆ 5%, ಕನಿಷ್ಠ ₹10,000, ನಾವೇ ಹೊರಬೇಕು ಅಂತ ಷರತ್ತು ಕೂಡ. ಆದರೆ 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನ ವಿಲ್ಲಾಗಳಿಗೆ ನೀರು ನುಗ್ಗಿ, ಸಾಫ್ಟ್‌ವೇರ್ ಮಂದಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರಲ್ಲ, ಅದರಲ್ಲಿ ದೇವರದ್ದೆಷ್ಟು, ರಾಜಕಾಲುವೆ ಮುಚ್ಚಿದವರದ್ದೆಷ್ಟು? ವಿಮೆ ಆ ಪ್ರಶ್ನೆ ಕೇಳಲ್ಲ. ಪ್ರವಾಹ ಅಂತ ಪಟ್ಟಿಯಲ್ಲಿದೆ, ಕೊಡಬೇಕು, ಮುಗೀತು. ಮನೆ ಕೊಂಡವರು ಕಾಲುವೆ ಮುಚ್ಚಿದವರಲ್ಲ ಅನ್ನೋದೂ ನಿಜ. ಆದರೂ ಅದೇ ನೀರು ಅದೇ ರಾತ್ರಿ ಹಿಂದಿನ ಬೀದಿಯ ತಗಡಿನ ಶೆಡ್ಡಿಗೂ ನುಗ್ಗಿತ್ತು, ಅವರ ಹತ್ತಿರ ಯಾವ ಪಾಲಿಸಿಯೂ ಇರಲಿಲ್ಲ. ನನ್ನ ಮುಯ್ಯಾಳಿನ ಹೋಲಿಕೆ ಇಲ್ಲಿ ಕುಂಟುತ್ತೆ. ಮುಯ್ಯಾಳಿಗೆ ಎರಡು ಕೈ ಇದ್ದರೆ ಸಾಕಿತ್ತು. ಇದಕ್ಕೆ ಖಾತೆ, ವಿಳಾಸ, ವಿಮೆ ಮಾಡಬಹುದಾದಂಥ ಗೋಡೆ ಬೇಕು.

ಅವರಿಗೆ ಇರೋದು ಸರ್ಕಾರ. 2019ರ ಆಗಸ್ಟ್‌ನಲ್ಲಿ ಉತ್ತರ ಕರ್ನಾಟಕದಲ್ಲಿ ಕೃಷ್ಣಾ, ಮಲಪ್ರಭಾ ಉಕ್ಕಿದಾಗ ರಾಜ್ಯ ಸರ್ಕಾರ ಮನೆಗಳನ್ನ ಎ, ಬಿ, ಸಿ ಅಂತ ವಿಂಗಡಿಸಿತು. 75%ಗಿಂತ ಹೆಚ್ಚು ಹಾನಿ ಆಗಿದ್ದರೆ ಎ, ₹5 ಲಕ್ಷ. 15ರಿಂದ 25% ಆಗಿದ್ದರೆ ಸಿ, ₹50,000. ಅಳೆಯೋಕೆ ಬರುವವರು ವಿಲೇಜ್ ಅಕೌಂಟೆಂಟು, ಎಂಜಿನಿಯರು. ಅವರೂ ಗೋಡೆಯ ಮೇಲೆ ಬೆರಳಿಟ್ಟು ಅದೇ ಪ್ರಶ್ನೆ ಕೇಳಬೇಕಾಗುತ್ತೆ. ಮಣ್ಣಿನ ಗೋಡೆಯ ಸ್ವಭಾವ ಹೇಗೆ ಅಂದರೆ, ನೀರು ನಿಂತಾಗ ಅಲ್ಲಾಡದೇ ಇದ್ದದ್ದು ನೀರು ಇಳಿದು ಬಿಸಿಲು ಬಿದ್ದ ಮೇಲೆ ಒಣಗುತ್ತಾ ಕುಸಿಯಬಹುದು. ಅಳೆಯೋಕೆ ಬಂದ ದಿನ ನಿಂತಿದ್ದರೆ ಸಿ. ಅವರು ಹೋದ ವಾರಕ್ಕೆ ಬಿದ್ದರೆ, ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಅಲೆಯಬೇಕು.

ಆ ಗೋಡೆಯ ಮುಂದೆ ನಿಂತ ಒಬ್ಬ ಮನುಷ್ಯನನ್ನ ನಾನು ಊಹಿಸಿಕೊಳ್ತೀನಿ. ನಾಳೆ ಬೆಳಿಗ್ಗೆ ಸರ್ವೆಯವರು ಬರ್ತಾರೆ. ಗೋಡೆ ಇನ್ನೂ ನಿಂತಿದೆ, ಆದರೆ ಬುಡ ನೆನೆದು ಮೆತ್ತಗಾಗಿದೆ, ಹೇಗೂ ಒಂದು ದಿನ ಬೀಳುತ್ತೆ, ಅದರ ಕೆಳಗೆ ಮಕ್ಕಳನ್ನ ಮಲಗಿಸೋಕೆ ಆಗಲ್ಲ. ಹಾರೆ ಮೂಲೆಯಲ್ಲಿದೆ. ಎರಡು ಪೆಟ್ಟು ಹಾಕಿದರೆ ಸಿ ಹೋಗಿ ಎ ಆಗುತ್ತೆ. ಫಾಲ್ಸ್ ಸೀಲಿಂಗಿನ ಕೆಳಗೆ ಕೂತು ನಾನು ಇಷ್ಟು ಹೊತ್ತು ಬರೆದ ವಾದ ಅವನಿಗೂ ಅನ್ವಯಿಸುತ್ತಾ ಅಂತ ಕೇಳಿದರೆ, ಚಿಕ್ಕಪ್ಪನ ಸೀಪೇಜಿನ ವಿಷಯದಲ್ಲಿ ಇದ್ದ ಖಚಿತತೆ ನನ್ನಲ್ಲಿ ಇಲ್ಲ. ಅವನೂ ಎಲ್ಲರ ಡಬ್ಬಿಗೇ ಕೈ ಹಾಕ್ತಾ ಇದ್ದಾನೆ, ನಿಜ. ಆದರೆ ಆ ಡಬ್ಬಿಯ ನಿಯಮ ಬರೆಯುವಾಗ ಮಣ್ಣಿನ ಗೋಡೆ ಹೇಗೆ ಬೀಳುತ್ತೆ ಅಂತ ಅವನನ್ನ ಯಾರೂ ಕೇಳಿರಲಿಲ್ಲ.